ಚಿಕ್ಕಪ್ಪ ಮತ್ತೆ ನಿಲ್ಲಲು ಕಲಿತದ್ದು

ನಮ್ಮ ಚಿಕ್ಕಪ್ಪ ಮನೆಗಳಿಗೆ ಬಣ್ಣ ಹೊಡೆಯುವವರು. ಗೋಡೆ, ಬಾಗಿಲು, ಕಿಟಕಿಯ ಸರಳು ಎಲ್ಲಕ್ಕೂ ಹೊಡೆಯುತ್ತಿದ್ದರು ನಿಜ. ಆದರೆ ಹೆಸರು ಮಾಡಿದ್ದು ಸೀಲಿಂಗಿನಲ್ಲಿ. ಏಣಿಯ ತುದಿಯಲ್ಲಿ ನಿಂತು, ತಲೆ ಹಿಂದಕ್ಕೆ ವಾಲಿಸಿ, ರೋಲರನ್ನು ಒಂದೇ ಹದದಲ್ಲಿ ಎಳೆದುಕೊಂಡು ಹೋದರೆಂದರೆ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಯಾರೂ ಗುರುತು ಹಿಡಿಯುವಂತಿರಲಿಲ್ಲ. ಯಾರ ಮನೆಗೆ ಹೋದರೂ ಅವರ ಕಣ್ಣು ಮೊದಲು ಹೋಗುತ್ತಿದ್ದದ್ದು ಮೇಲಕ್ಕೆ. ನನಗೆ ಮಗಳು ಹುಟ್ಟಿದಾಗ ಆಸ್ಪತ್ರೆಗೆ ಬಂದವರು ಕೂಸಿನ ಮುಖ ನೋಡುವ ಮೊದಲು ತಲೆ ಎತ್ತಿ ನೋಡಿ, ಒಂದೇ ಕೋಟ್ ಬಣ್ಣದಲ್ಲಿ ಮುಗಿಸಿ ಕೈತೊಳೆದುಕೊಂಡಿದ್ದಾರೆ ಎಂದು ಬೇಸರಪಟ್ಟುಕೊಂಡರು. ಮನುಷ್ಯ ನಿದ್ದೆಗೆ ಜಾರುವಾಗ ಕೊನೆಯದಾಗಿ ನೋಡುವುದು ಸೀಲಿಂಗನ್ನು, ಅಲ್ಲಿ ಕಣ್ಣಿಗೆ ಚುಚ್ಚುವಂಥದ್ದೇನೂ ಇರಬಾರದು ಎಂಬುದು ಅವರ ವಾದ.

ಅವರ ಜೊತೆ ಕೆಲಸ ಮಾಡುತ್ತಿದ್ದವನನ್ನು ಎಲ್ಲರೂ ಕುಳ್ಳ ಎಂದು ಕರೆಯುತ್ತಿದ್ದರು. ದೀಪದ ಕಂಬದಷ್ಟು ಎತ್ತರದ ಆಳು, ಅದಕ್ಕೇ ಆ ಹೆಸರು. ಚಿಕ್ಕಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದರು. ಒಬ್ಬರು ದಿನವಿಡೀ ಕುತ್ತಿಗೆ ಎತ್ತಿ ಮೇಲೆ ನೋಡುವವರು, ಇನ್ನೊಬ್ಬರು ದಿನವಿಡೀ ಕುತ್ತಿಗೆ ಬಗ್ಗಿಸಿ ಕೆಳಗೆ ನೋಡುವವರು. ಗಂಡ ಹೆಂಡತಿ ಮುಖ ಮುಖ ನೋಡುವುದು ಊಟದ ಹೊತ್ತಿಗೆ ಮಾತ್ರ ಎಂದು ಕುಳ್ಳ ತಮಾಷೆ ಮಾಡುತ್ತಿದ್ದ. ಮಕ್ಕಳಿಲ್ಲದ ಆ ಮನೆಯಲ್ಲಿ ನಾನು ಅರ್ಧ ಬೆಳೆದವಳು. ಆದ್ದರಿಂದ ಇಲ್ಲಿ ಹೇಳುತ್ತಿರುವುದರಲ್ಲಿ ಸ್ವಲ್ಪ ನಾನು ಕಂಡದ್ದು, ಉಳಿದದ್ದು ಅವರಿಬ್ಬರ ಬಾಯಿಂದ ಕೇಳಿದ್ದು.

ಒಂದು ಚಳಿಗಾಲ ಚಿಕ್ಕಪ್ಪನಿಗೆ ಶೀತ ಹಿಡಿಯಿತು. ಮೂಗು ಸೋರಿತು, ಕಿವಿ ಗುಂಯ್ ಎಂದಿತು, ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಶೀತ ಬಿಟ್ಟಿತು ಎನ್ನುವಷ್ಟರಲ್ಲಿ ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ, ತಮ್ಮದೇ ಕೈಯಿಂದ ಬಳಿದ ಮಲಗುವ ಕೋಣೆಯ ಸೀಲಿಂಗು ತಿರುಗುತ್ತಿತ್ತು. ಮೊದಲಿಗೆ ಅವರಿಗೆ ಹೆದರಿಕೆಯೇ ಆಗಲಿಲ್ಲವಂತೆ. ಇನ್ನೂ ಕನಸಿನಲ್ಲೇ ಇದ್ದೇನೆ ಎಂದುಕೊಂಡರಂತೆ. ಹಾಲಿನ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ ಬಿಳಿ ಬಣ್ಣ ಸುತ್ತುತ್ತಿತ್ತು, ಕೋಣೆಯ ಮೂಲೆಗಳು ಒಂದರ ಹಿಂದೆ ಒಂದು ತೇಲಿ ಹೋಗುತ್ತಿದ್ದವು, ಕಿಟಕಿಯ ಬೆಳಕು ಕಾಲ ಬಳಿಯಿಂದ ಹೊರಟು ತಲೆಯ ಬಳಿ ಬಂದು ಮತ್ತೆ ಕಾಲ ಬಳಿ ಹೋಗುತ್ತಿತ್ತು. ಎಷ್ಟು ಚೆನ್ನಾಗಿದೆ ಎಂದು ನೋಡುತ್ತ ಮಲಗಿದ್ದರಂತೆ. ಆಮೇಲೆ ಏಳಲು ಹೋದರು. ನೆಲ ಅವರ ಕಡೆಗೆ ಎದ್ದು ಬಂತು.

ಬಿದ್ದ ಸದ್ದಿಗೆ ಚಿಕ್ಕಮ್ಮ ಓಡಿ ಬಂದಾಗ ಅವರು ಮಂಚದ ಕಾಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ವಾಂತಿ ಮಾಡಿಕೊಳ್ಳುತ್ತಿದ್ದರು. ಪಾರ್ಶ್ವವಾಯು ಹೊಡೆದಿದೆ ಎಂದೇ ಚಿಕ್ಕಮ್ಮ ಅಂದುಕೊಂಡಿದ್ದರು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿದ ಡಾಕ್ಟರು, ಮೆದುಳಿಗೆ ಏನೂ ಆಗಿಲ್ಲ, ಒಳಕಿವಿಯ ನರಕ್ಕೆ ಬಾವು ಬಂದಿದೆ ಎಂದರು. ನಾವು ನೆಟ್ಟಗೆ ನಿಂತಿದ್ದೇವೋ ವಾಲಿದ್ದೇವೋ ಎಂದು ಸುದ್ದಿ ಕೊಡುವುದು ಆ ನರವಂತೆ. ಒಂದು ಕಡೆಯ ಕಿವಿ ಸುಳ್ಳು ಸುದ್ದಿ ಕಳಿಸುತ್ತಿದೆ, ಮೆದುಳು ಅದನ್ನು ನಂಬುತ್ತಿದೆ ಎಂದು ವಿವರಿಸಿದರು.

ತಿರುಗುವುದು ಕೆಲವು ದಿನಗಳಲ್ಲಿ ನಿಂತಿತು. ಆದರೆ ತೇಲುವುದು ನಿಲ್ಲಲಿಲ್ಲ. ಮನೆ ದೋಣಿಯಾಗಿತ್ತು. ಬಚ್ಚಲಿಗೆ ಹೋಗಬೇಕಾದರೆ ಗೋಡೆ ಸವರಿಕೊಂಡೇ ಹೋಗಬೇಕು. ತಲೆ ಗಕ್ಕನೆ ತಿರುಗಿಸಿದರೆ ಕೋಣೆ ಒಂದು ಕ್ಷಣ ತಡವಾಗಿ ಹಿಂದಿನಿಂದ ಬರುತ್ತಿತ್ತು. ಇನ್ನು ಮೇಲೆ ನೋಡುವುದಂತೂ ದೂರದ ಮಾತು. ನೆಲವನ್ನೇ ನೋಡುತ್ತ, ಭುಜ ಬಿಗಿದುಕೊಂಡು, ತುಂಬಿದ ತಟ್ಟೆ ಹೊತ್ತವರ ಹಾಗೆ ನಡೆಯುತ್ತಿದ್ದರು.

ಸುಮ್ಮನೆ ಕೂರಬೇಡಿ, ಓಡಾಡಿ, ಮೆದುಳು ಹೊಸದಾಗಿ ಕಲಿಯಬೇಕು, ಕೂತಷ್ಟೂ ತಡವಾಗುತ್ತದೆ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದ್ದರು. ಚಿಕ್ಕಪ್ಪ ಅದನ್ನು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡು ನೇರವಾಗಿ ಕೆಲಸಕ್ಕೆ ಹೊರಟರು. ಯಾರದ್ದೋ ಮನೆಯ ಪಡಸಾಲೆಯಲ್ಲಿ ಏಣಿ ಹತ್ತಿದರು. ಕೆಳಗಿನ ಮೆಟ್ಟಿಲುಗಳಲ್ಲೇ ಏಣಿ ನೀರಿನಲ್ಲಿ ನಿಂತ ಹಾಗೆ ಆಯಿತು. ಕುಳ್ಳ ಹಿಂದೆ ಇದ್ದದ್ದರಿಂದ ತೋಳಲ್ಲಿ ಹಿಡಿದುಕೊಂಡ. ಬಣ್ಣದ ಡಬ್ಬ ಮಾತ್ರ ಮನೆಯವರ ಸೋಫಾದ ಮೇಲೆ ಕವುಚಿಕೊಂಡಿತು.

ಅಲ್ಲಿಂದ ಬಂದವರು ಕಿಟಕಿಯ ಪಕ್ಕದ ಕುರ್ಚಿ ಹಿಡಿದರು. ಚಿಕ್ಕಮ್ಮನ ಯಂತ್ರದ ಸದ್ದು ಕೇಳುತ್ತ ಹೊರಗೆ ನೋಡುತ್ತಿದ್ದರು. ನಾನು ಹೋದಾಗ ನಗುನಗುತ್ತಲೇ ಮಾತಾಡುತ್ತಿದ್ದರು, ಆದರೆ ಕುರ್ಚಿಯ ಕೈ ಬಿಡುತ್ತಿರಲಿಲ್ಲ. ಬೆರಳ ಗಿಣ್ಣು ಬೆಳ್ಳಗಾಗಿರುತ್ತಿತ್ತು.

ಅವರನ್ನು ಆ ಕುರ್ಚಿಯಿಂದ ಎಬ್ಬಿಸಿದ್ದು ಕುಳ್ಳ. ನಾಲ್ಕು ಬೀದಿಗಳಾಚೆ ಒಂದು ಸಮುದಾಯ ಭವನವಿತ್ತು. ಮರದ ನೆಲ, ಎತ್ತರದ ಕಿಟಕಿಗಳು, ಒಂದು ಗೋಡೆಗೆ ಉದ್ದಕ್ಕೂ ಕನ್ನಡಿ. ಬೆಳಗಿನಿಂದ ಸಂಜೆವರೆಗೆ ಅಲ್ಲಿ ಒಂದಲ್ಲ ಒಂದು ವ್ಯಾಯಾಮದ ತರಗತಿ ನಡೆಯುತ್ತಿತ್ತು. ಅದಕ್ಕೆ ಬಣ್ಣ ಹೊಡೆಸಬೇಕು, ಆದರೆ ತರಗತಿಗಳನ್ನು ನಿಲ್ಲಿಸುವ ಹಾಗಿಲ್ಲ, ಒಂದೊಂದೇ ಗೋಡೆ ಮಾಡಿ ಎಂದು ಭವನದವರು ಹೇಳಿದ್ದರು. ಕುಳ್ಳ ಬಂದು ಕುರ್ಚಿಯ ಎದುರು ನಿಂತ.

"ಭುಜದಿಂದ ಮೇಲಿಂದು ನಂದು, ಕೆಳಗಿಂದು ನಿಮ್ದು. ಬನ್ನಿ ಅಣ್ಣ. ಒಬ್ಬನೇ ಮಾತಾಡ್ಕೊಂಡು ಕೆಲಸ ಮಾಡೋಕೆ ನಂಗೆ ಬೇಜಾರು."

ಇಷ್ಟು ವರ್ಷ ಸೂರು ನೋಡಿಕೊಂಡಿದ್ದವನನ್ನು ಕೆಳಗಿನ ಪಟ್ಟಿ ಬಳಿಯಲು ಕರೆಯುತ್ತಾನಲ್ಲ ಎಂದು ಚಿಕ್ಕಪ್ಪನಿಗೆ ಚುರುಕ್ಕೆಂದಿತು. ಆದರೂ ಹೋದರು. ಗಿಡ್ಡ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತು ಹಳೆಯ ಬಣ್ಣ ಉಜ್ಜತೊಡಗಿದರು. ಬೆನ್ನ ಹಿಂದೆ ಜನ ಬರುತ್ತಿದ್ದರು, ಚಾಪೆ ಬಿಡಿಸುವ ಸದ್ದು, ಆಮೇಲೆ ನಿಶ್ಶಬ್ದ, ಆ ನಿಶ್ಶಬ್ದದಲ್ಲಿ ಅಷ್ಟೂ ಜನರ ಉಸಿರು. ಹಿಂದೆ ಸಮುದ್ರ ಇದ್ದಂತಿತ್ತು, ತಿರುಗಿ ನೋಡಿದರೆ ಮಾಯವಾಗುತ್ತದೇನೋ ಅನ್ನಿಸುತ್ತಿತ್ತು ಎಂದು ನನಗೆ ಹೇಳಿದ್ದರು.

ಬೆಳಗಿನದು ಯೋಗ. ಮೇಷ್ಟ್ರು ದುಂಡಗಿನ, ನಗುಮುಖದ ಆಸಾಮಿ. ಬಣ್ಣದವರು ಉಜ್ಜುವ ಕಾಗದವನ್ನು ತರಗತಿಯ ಉಸಿರಿಗೆ ಸರಿಯಾಗಿ ಎಳೆಯುತ್ತಿದ್ದಾರೆ ಎಂಬುದನ್ನು ಅವರು ಗಮನಿಸಿದ್ದರು. ಒಂದು ದಿನ, ಕೂತಲ್ಲೇ ಮಾಡುತ್ತಿದ್ದೀರಲ್ಲ, ಎದ್ದು ಬಂದರೆ ಏನು ಕಳೆದುಹೋಗುತ್ತೆ ಎಂದು ಕರೆದರು. ಆವತ್ತು ವೃಕ್ಷಾಸನ. ಒಂದು ಕಾಲ ಮೇಲೆ ನಿಂತು ಕೈ ಮೇಲೆತ್ತಿದ್ದೇ ತಡ, ಚಿಕ್ಕಪ್ಪ ಕಡಿದ ಮರದ ಹಾಗೆ ವಾಲಿ, ಆಗತಾನೇ ಕುಳ್ಳ ಬಳಿದು ಮುಗಿಸಿದ್ದ ಹಸಿ ಗೋಡೆಗೆ ಎರಡೂ ಅಂಗೈ ಒತ್ತಿ ನಿಂತರು. ಇಡೀ ತರಗತಿ ನಕ್ಕಿತು, ಅವರೂ ನಕ್ಕರು. ಕುಳ್ಳ ಮಾತ್ರ ನಗಲಿಲ್ಲ.

ಮೇಷ್ಟ್ರು ಅವರನ್ನು ಬಿಡಲಿಲ್ಲ. ಒಣಗಿದ ಗೋಡೆಯ ಪಕ್ಕ ನಿಲ್ಲಿಸಿ, ಒಂದು ಬೆರಳು ಗೋಡೆಗೆ ತಾಗಿಸಿಕೊಂಡು, ಎದುರಿನ ಒಂದು ಚುಕ್ಕೆಯ ಮೇಲೆ ಕಣ್ಣಿಟ್ಟು ನಿಲ್ಲುವುದನ್ನು ತೋರಿಸಿದರು. ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ಉದ್ದವಾಗಿ ಹೊರಗೆ ಬಿಡುವುದನ್ನು ಕಲಿಸಿದರು. ಅದರಿಂದ ಆದ ಮೊದಲ ಉಪಕಾರವೆಂದರೆ ಚಿಕ್ಕಪ್ಪನಿಗೆ ನಿದ್ದೆ ಬರತೊಡಗಿತು. ಎಷ್ಟೋ ವಾರಗಳಿಂದ ಬಿಗಿದುಕೊಂಡಿದ್ದ ದವಡೆ ಸಡಿಲವಾಯಿತು. ಆದರೆ ತಲೆ ಕೆಳಗೆ ಹೋಗುವ ಆಸನಗಳಲ್ಲಿ ಕೋಣೆ ಮತ್ತೆ ಸುತ್ತುತ್ತಿತ್ತು. ಎಲ್ಲರೂ ಅಂಗಾತ ಮಲಗಿ, ಕಣ್ಣು ಮುಚ್ಚಿ, ಕಾಲ ಬೆರಳಿನಿಂದ ನೆತ್ತಿಯವರೆಗೆ ಮನಸ್ಸನ್ನು ಮೆಲ್ಲಗೆ ನಡೆಸಿಕೊಂಡು ಬರುವ ಅಭ್ಯಾಸವಿತ್ತಲ್ಲ, ಅದೂ ಇವರಿಗೆ ಆಗಿಬರಲಿಲ್ಲ. ಬೇರೆಯವರು ಅದರಿಂದ ಹೂವಿನ ಹಾಗೆ ಎದ್ದು ಹೋಗುತ್ತಿದ್ದರು. ಇವರು ಕಣ್ಣು ಮುಚ್ಚಿದೊಡನೆ ಹಗ್ಗ ಬಿಚ್ಚಿದ ದೋಣಿಯಾಗಿ ಎಲ್ಲೋ ಕೊಚ್ಚಿಹೋಗಿ, ಬೆವತು ಎದ್ದು ಕೂರುತ್ತಿದ್ದರು. ಮೇಷ್ಟ್ರು ಒತ್ತಾಯ ಮಾಡಲಿಲ್ಲ. ಎಲ್ಲ ಮದ್ದು ಎಲ್ಲ ಮೈಗೂ ಹಿಡಿಸಬೇಕು ಅಂತ ಎಲ್ಲಿದೆ, ಉಸಿರಿನದು ಇಟ್ಟುಕೊಳ್ಳಿ, ಉಳಿದದ್ದಕ್ಕೆ ಮಧ್ಯಾಹ್ನದ ಮೇಡಂ ಹತ್ತಿರ ಹೋಗಿ ನೋಡಿ ಎಂದರು.

ಮಧ್ಯಾಹ್ನದ ಮೇಡಂಗೆ ಬೀದಿಯ ಮಕ್ಕಳಿಟ್ಟ ಹೆಸರು ಆಮೆ ಟೀಚರ್. ಅವರ ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ ಹಾಗೆಯೇ ಕರೆಯುತ್ತಿದ್ದರು. ಅವರಿಗೆ ಬೇಜಾರೇನೂ ಇರಲಿಲ್ಲ. ಸಣಕಲು ಮೈ, ನರೆತ ಕೂದಲು, ಕೆಲಸದಿಂದ ನಿವೃತ್ತಿಯಾಗುವವರೆಗೂ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕಲಿಸುತ್ತಿದ್ದದ್ದು ತಾಯ್ ಚಿ. ಚೀನಾ ಕಡೆಯಿಂದ ಬಂದ ವಿದ್ಯೆ. ಹಿಂದೆ ಹೊಡೆದಾಟದ ಪಟ್ಟುಗಳಾಗಿದ್ದವನ್ನು ನಿದ್ದೆಗಣ್ಣಿನಲ್ಲಿ ಮಾಡಿದ ಹಾಗೆ ನಿಧಾನವಾಗಿ ಮಾಡುವುದು. ಹೆಸರು ಕೇಳಿದ ಕುಳ್ಳ ಏಣಿಯ ಮೇಲಿಂದಲೇ, ಇದೇನಣ್ಣ, ಅಮ್ಮನಿಗೆ ಛೀ ಅಂದ ಹಾಗಿದೆ ಎಂದಿದ್ದ.

ಆ ತರಗತಿಯಲ್ಲಿದ್ದವರೆಲ್ಲ ವಯಸ್ಸಾದವರು, ಹೆಚ್ಚಿನವರು ಹೆಂಗಸರು. ಮಂಡಿ ನೋವಿನವರು, ರಕ್ತದೊತ್ತಡದವರು, ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮತ್ತೆ ಬೀಳುವ ಭಯದಲ್ಲಿದ್ದವರು. ಪಡುವಣ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬೀಳುವ ಹೊತ್ತು. ಕುಳ್ಳ ಬಳಿದಿದ್ದ ತಿಳಿ ಹಳದಿ ಇನ್ನೂ ಹಸಿಯಾಗಿದ್ದು, ಗಾಳಿಗೂ ಅದೇ ಬಣ್ಣ ಹತ್ತಿದಂತಿತ್ತು. ಆ ಬೆಳಕಿನಲ್ಲಿ ಅಷ್ಟೂ ಜನ ಕೆರೆಯ ತಳದಲ್ಲಿ ನಿಂತವರ ಹಾಗೆ ಕೈ ಎತ್ತುತ್ತಿದ್ದರು, ಇಳಿಸುತ್ತಿದ್ದರು, ಒಂದು ಕಾಲಿನಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಹರಿಯುತ್ತಿದ್ದರು. ಕನ್ನಡಿಯಲ್ಲಿ ಅವರಷ್ಟೇ ಜನ ಮತ್ತೊಮ್ಮೆ. ಚಿಕ್ಕಪ್ಪ ಬ್ರಷ್ ಹಿಡಿದು ನೋಡುತ್ತಲೇ ಇದ್ದುಬಿಟ್ಟರು. ಇಷ್ಟು ದಿನ ತಮ್ಮನ್ನು ಹೆದರಿಸುತ್ತಿದ್ದ ತೇಲುವಿಕೆಯನ್ನೇ ಇವರು ಬೇಕೆಂದು ಮಾಡುತ್ತಿದ್ದಾರಲ್ಲ ಎಂದು ಅವರಿಗೆ ಆಶ್ಚರ್ಯ. ಬ್ರಷ್ ಒಣಗಿ ಕಡ್ಡಿಯಾಯಿತು.

ಮರುದಿನ ಹಿಂದಿನ ಸಾಲಿನಲ್ಲಿ ನಿಂತರು. ಆಮೆ ಟೀಚರ್ ಅವರ ಕೈ ನೋಡಲಿಲ್ಲ, ಮುಖ ನೋಡಲಿಲ್ಲ. ಬಗ್ಗಿ ಪಾದ ನೋಡಿದರು.

"ಬೆರಳಲ್ಲಿ ನೆಲ ಹಿಡ್ಕೊಂಡಿದೀರಲ್ಲ. ನೆಲ ಎಲ್ಲೂ ಓಡೋಗಲ್ಲ, ಬಿಡಿ."

"ಬಿಟ್ರೆ ಬೀಳ್ತೀನಿ."

"ಬಸ್ಸಲ್ಲಿ ನಾನು ಯಾವತ್ತೂ ಕಂಬಿ ಹಿಡಿದೋಳಲ್ಲ. ಒಂದು ಕೈಲಿ ಟಿಕೆಟ್ಟು, ಒಂದು ಕೈಲಿ ಚಿಲ್ರೆ, ಎಲ್ಲಿ ಹಿಡ್ಕೊಳ್ಳಲಿ? ಬಸ್ಸು ಆ ಕಡೆ ಹೋದ್ರೆ ನಾನೂ ಸ್ವಲ್ಪ ಆ ಕಡೆ ಹೋಗ್ತಿದ್ದೆ. ಅಷ್ಟೇ."

ಬಣ್ಣವನ್ನು ಒಂದು ಡಬ್ಬದಿಂದ ಇನ್ನೊಂದಕ್ಕೆ ಹೇಗೆ ಸುರಿಯುತ್ತೀರಿ ಎಂದು ಕೇಳಿದರು. ಧಾರೆ ಕಡಿಯದ ಹಾಗೆ, ನಿಧಾನವಾಗಿ, ಇಲ್ಲದಿದ್ದರೆ ಗುಳ್ಳೆ ಬರುತ್ತೆ ಎಂದರು ಚಿಕ್ಕಪ್ಪ. ಈ ಕಾಲಿನ ಭಾರವನ್ನು ಆ ಕಾಲಿಗೆ ಹಾಗೇ ಸುರಿಯಿರಿ ಎಂದು ಹೇಳಿ ಟೀಚರ್ ಮುಂದಿನವರ ಹತ್ತಿರ ಹೋದರು. ಅದು ಇವರಿಗೆ ನಾಟಿತು. ಬಲಗಾಲು ಖಾಲಿಯಾಗುತ್ತ, ಎಡಗಾಲು ತುಂಬುತ್ತ ಹೋಗುವುದು ಮೈಗೆ ಗೊತ್ತಾಗತೊಡಗಿತು. ನೆಲ ತೇಲಿದರೂ ತೇಲಲಿ ಎಂದು ಬಿಟ್ಟಾಗ ಅದು ಅಷ್ಟೇನೂ ತೇಲುತ್ತಿರಲಿಲ್ಲ. ಮನೆಗೆ ಬರುವಾಗ ಗೋಡೆ ಸವರುವುದನ್ನು ಮರೆತು ಇಡೀ ಬೀದಿ ದಾಟಿದ್ದೆ ಎಂದು ಆಮೇಲೊಮ್ಮೆ ನೆನಪು ಮಾಡಿಕೊಂಡರು.

ಭವನದ ಕೆಲಸ ಮುಗಿಯಿತು. ಕುಳ್ಳ ಏಣಿ ಮಡಚಿ ಬೇರೆ ಕಡೆ ಹೋದ. ಚಿಕ್ಕಪ್ಪ ಮಾತ್ರ ದಿನಾ ಮಧ್ಯಾಹ್ನ ಕೆಲಸದ ಅಂಗಿ ತೊಟ್ಟು ಹೊರಡುತ್ತಲೇ ಇದ್ದರು. ಕೇಳಿದರೆ, ಅಲ್ಲಲ್ಲಿ ಸ್ವಲ್ಪ ಕೈಯಾಡಿಸುವುದು ಬಾಕಿ ಇದೆ ಎನ್ನುತ್ತಿದ್ದರು. ಈ ವಯಸ್ಸಿನಲ್ಲಿ ಅಜ್ಜಿಯರ ಜೊತೆ ನಿಂತು ಕೈ ತೂಗುತ್ತೇನೆ ಎಂದು ಹೆಂಡತಿಗೆ ಹೇಳಲು ನಾಚಿಕೆ. ಆದರೆ ಬಟ್ಟೆಯ ವಿಷಯದಲ್ಲಿ ಚಿಕ್ಕಮ್ಮನ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ಅಂಗಿಯ ಮೇಲೆ ಹೊಸ ಕಲೆ ಒಂದೂ ಇಲ್ಲ. ಒಂದು ಮಧ್ಯಾಹ್ನ ಯಂತ್ರಕ್ಕೆ ಬಟ್ಟೆ ಮುಚ್ಚಿ ಅವರೂ ಹಿಂದೆಯೇ ಹೊರಟರು.

ಭವನದ ಬಾಗಿಲ ಸಂದಿಯಿಂದ ಕಂಡದ್ದನ್ನು ಅವರು ನನಗೆ ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ. ಗಂಡ ಕಿಟಕಿಯ ಬಿಸಿಲಿನಲ್ಲಿ ನಿಂತಿದ್ದರಂತೆ. ಎರಡೂ ಕೈ ಎದೆಯ ಮುಂದೆ ಕಾಣದ ಮೋಡವನ್ನು ಸರಿಸುವ ಹಾಗೆ ಪಕ್ಕಕ್ಕೆ ಹೋಗುತ್ತಿದ್ದವಂತೆ, ಅವುಗಳ ಹಿಂದೆ ಸೊಂಟ, ಸೊಂಟದ ಹಿಂದೆ ಕಣ್ಣು. ಮದುವೆಯಾಗಿ ಬಂದ ಹೊಸದರಲ್ಲಿ ಈ ಮನುಷ್ಯ ಏಣಿಯ ಮೇಲೆ ಹೀಗೇ ಇರುತ್ತಿದ್ದರು, ಅದನ್ನು ನೋಡುವುದನ್ನು ನಾನು ಯಾವಾಗ ಬಿಟ್ಟೆನೋ ಎಂದು ಅವರಿಗೆ ಅನ್ನಿಸಿತಂತೆ. ನಗು ಬರಲಿಲ್ಲ, ಕಣ್ಣು ತುಂಬಿತು. ಸದ್ದಿಲ್ಲದೆ ಮನೆಗೆ ಬಂದು ಅರ್ಧ ಬಿಟ್ಟಿದ್ದ ತೋಳು ಹೊಲಿದು ಮುಗಿಸಿದರು.

ಊಟಕ್ಕೆ ಕೂತಾಗ ಕೇಳಿದರು.

"ಭವನದ ಗೋಡೆ ಇನ್ನೂ ಎಷ್ಟು ದಿನ ಇದೆ?"

ಚಿಕ್ಕಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇದೆ ಸ್ವಲ್ಪ."

"ಇರಲಿ ಬಿಡಿ. ಮುಗಿಸ್ಬೇಡಿ." ಸಾರು ಬಡಿಸುತ್ತ ಚಿಕ್ಕಮ್ಮ ಕೇಳಿದರು, "ಕುತ್ತಿಗೆ ನೋವಿಗೆ ಅಲ್ಲಿ ಏನಾದ್ರೂ ಹೇಳ್ಕೊಡ್ತಾರಾ?"

ಯಂತ್ರದ ಮುಂದೆ ಬಗ್ಗಿ ಬಗ್ಗಿ ಚಿಕ್ಕಮ್ಮನ ಕುತ್ತಿಗೆ ಮತ್ತು ಬಲ ಭುಜ ಕಲ್ಲಾಗಿದ್ದವು. ಬೆರಳ ತುದಿ ಜುಮ್ಮೆನ್ನುತ್ತಿತ್ತು. ಆ ಮಾತನ್ನು ಅವರು ಮನೆಯಲ್ಲಿ ಎತ್ತಿರಲೇ ಇಲ್ಲ. ಗಂಡನ ಕಾಯಿಲೆಯ ಮುಂದೆ ತಮ್ಮದೇನು ದೊಡ್ಡದು ಎಂದುಕೊಂಡಿದ್ದರು. ಚಿಕ್ಕಪ್ಪ ಅವರನ್ನು ತಾಯ್ ಚಿಗೇ ಕರೆದುಕೊಂಡು ಹೋದರು. ಚಿಕ್ಕಮ್ಮನಿಗೆ ಅದು ಒಗ್ಗಲಿಲ್ಲ. ಇಷ್ಟು ನಿಧಾನಕ್ಕೆ ಕೈ ಎತ್ತುವಷ್ಟರಲ್ಲಿ ನಾನು ಒಂದು ಕಾಲರ್ ಹೊಲಿದು ಮುಗಿಸುತ್ತೇನೆ ಎಂದು ಗೊಣಗಿದರು. ಅವರಿಗೆ ಹಿಡಿಸಿದ್ದು ಸಂಜೆಯ ಪಿಲಾಟೀಸ್. ಚಾಪೆಯ ಮೇಲೆ ಮಲಗಿ, ಹೊಟ್ಟೆಯ ಆಳದ ಸ್ನಾಯುಗಳನ್ನು ಬಿಗಿ ಹಿಡಿದು, ಕೈಕಾಲುಗಳನ್ನು ಅಳತೆ ಮಾಡಿದ ಹಾಗೆ ಆಡಿಸುವ ವ್ಯಾಯಾಮ. ಕಲಿಸುತ್ತಿದ್ದ ಹುಡುಗಿ, ಬೆನ್ನನ್ನು ಬೆನ್ನೇ ಹೊತ್ತುಕೊಂಡರೆ ಸೋಲುತ್ತೆ ಆಂಟಿ, ಹೊಟ್ಟೆಯೂ ಕೈ ಜೋಡಿಸಬೇಕು ಎಂದು ಹೇಳಿದ್ದಳು. ಹೊಲಿಗೆಯವರಿಗೆ ಅದು ಚೆನ್ನಾಗಿ ಅರ್ಥವಾಯಿತು. ಒಳಗೆ ಗಟ್ಟಿ ಬಟ್ಟೆ ಕೊಡದ ಕಾಲರ್ ನಿಲ್ಲುವುದಿಲ್ಲವಲ್ಲ. ಮೊದಲ ವಾರ ನಕ್ಕರೂ ಹೊಟ್ಟೆ ನೋಯುತ್ತಿತ್ತು. ಆಮೇಲೆ ಯಂತ್ರದ ಮುಂದೆ ಕೂರುವ ಭಂಗಿಯೇ ಬದಲಾಯಿತು, ಬೆರಳ ಜುಮ್ಮು ಕಡಿಮೆಯಾಯಿತು. ಶನಿವಾರ ಒಂದು ಕುಣಿತದ ತರಗತಿ ಇತ್ತು. ಹೆಜ್ಜೆ ಇಲ್ಲ, ನಿಯಮ ಇಲ್ಲ, ಸಂಗೀತ ಹಾಕಿದರೆ ಮೈ ಹೇಗೆ ಹೋಗುತ್ತದೋ ಹಾಗೆ ಹೋಗುವುದು. ಯಾರಿಗೂ ಹೇಳದೆ ಅದಕ್ಕೂ ಸೇರಿಕೊಂಡರು. ಅಲ್ಲಿಂದ ಬಂದ ಸಂಜೆ ಅವರು ಬೇರೆಯೇ ಹೆಂಗಸಾಗಿರುತ್ತಿದ್ದರು, ಹಾಡಿಕೊಂಡು ಪಾತ್ರೆ ತೊಳೆಯುತ್ತಿದ್ದರು.

ಎಲ್ಲ ಸರಿಹೋಯಿತು ಎಂದು ನಾವು ಅಂದುಕೊಂಡಿದ್ದಾಗಲೇ ಚಿಕ್ಕಪ್ಪನಿಗೆ ಮತ್ತೊಮ್ಮೆ ಶೀತವಾಯಿತು. ಮೈ ಸೋತಿತ್ತು, ನಿದ್ದೆ ಕೆಟ್ಟಿತ್ತು. ಬ್ರಷ್ ಕೊಳ್ಳಲು ಪೇಟೆಗೆ ಹೋದವರು ದೊಡ್ಡ ರಸ್ತೆ ದಾಟುತ್ತಿದ್ದರು. ಅರ್ಧ ದಾರಿಯಲ್ಲಿ, ಹಾರ್ನ್ ಕೇಳಿ ತಲೆ ತಿರುಗಿಸಿದೊಡನೆ, ರಸ್ತೆ ಕಾಲ ಕೆಳಗಿನಿಂದ ಜಾರಿತು. ಅಂಗಡಿಗಳು ಸಾಲಾಗಿ ಎಡಕ್ಕೆ ಹೊರಟವು. ಆ ಮೊದಲ ದಿನ ಸೀಲಿಂಗು ತಿರುಗಿದ ಹಾಗೆಯೇ, ಈಗ ಬಟ್ಟಬಯಲಿನಲ್ಲಿ, ಎರಡೂ ಕಡೆಯಿಂದ ಗಾಡಿಗಳು. ಓಡಬೇಕು ಎಂದು ಮೈಯೆಲ್ಲ ಕೂಗಿತಂತೆ.

ಅವರು ಓಡಲಿಲ್ಲ. ನಡುರಸ್ತೆಯಲ್ಲಿ ನಿಂತರು. ಉಸಿರನ್ನು ಉದ್ದಕ್ಕೆ ಬಿಟ್ಟರು, ಅದು ಪೂರ್ತಿ ಖಾಲಿಯಾಗುವವರೆಗೂ ಕಾದರು. ಮಂಡಿ ಸಡಿಲ ಮಾಡಿದರು, ಬೆರಳು ಬಿಟ್ಟರು. ಎದುರಿನ ಅಂಗಡಿಯ ಕೆಂಪು ಬೋರ್ಡಿನ ಮೇಲೆ ಕಣ್ಣಿಟ್ಟರು. ಅದು ಹೋಗುತ್ತಿತ್ತು, ಹೋದರೆ ಹೋಗಲಿ ಎಂದು ಅದರ ಜೊತೆಯೇ ಕಣ್ಣನ್ನು ಕಳಿಸಿ ಮತ್ತೆ ಕರೆತಂದರು. ಒಂದು ಬಸ್ಸು ಬೆನ್ನ ಹಿಂದೆ ಬಿಸಿಗಾಳಿ ಚೆಲ್ಲಿ ಹೋಯಿತು. ಸದ್ದುಗಳೆಲ್ಲ ದೂರ ಸರಿದವು. ರಸ್ತೆ ಹೊಳೆಯಾಗಿತ್ತು, ತಾವು ಅದರ ನಡುವೆ ನಿಂತ ಬಂಡೆಯಲ್ಲ, ಅದರ ಜೊತೆ ತೂಗುವ ಜೊಂಡು ಎಂಬಂತೆ ಇತ್ತು ಎಂದು ಹೇಳುತ್ತಾರೆ. ಹೆದರಿಕೆ ಇತ್ತು, ಆದರೆ ಅದು ಪಕ್ಕದ ಮನೆಯಲ್ಲಿ ಹಾಕಿದ ರೇಡಿಯೋದ ಹಾಗೆ ಕೇಳಿಸುತ್ತಿತ್ತಂತೆ. ಬೋರ್ಡು ನಿಧಾನವಾಗಿ ತನ್ನ ಜಾಗಕ್ಕೆ ಬಂದು ನಿಂತಿತು. ಆಗ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸುರಿಯುತ್ತ ಆ ಬದಿಗೆ ನಡೆದು ಹೋದರು. ಗಾಡಿಯವನೊಬ್ಬ ತಲೆ ಹೊರಗೆ ಹಾಕಿ, ಏನಜ್ಜ, ರಸ್ತೇಲಿ ಜಪ ಮಾಡ್ತಿದೀರಾ ಎಂದು ಬೈದ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಚಿಕ್ಕಪ್ಪ ಬಹಳ ಹೊತ್ತು ಒಬ್ಬರೇ ನಕ್ಕರಂತೆ. ಬ್ರಷ್ ಕೊಳ್ಳುವುದನ್ನು ಮರೆಯಲಿಲ್ಲ.

ಡಾಕ್ಟರಿಗೆ ತೋರಿಸಿದಾಗ, ಹೀಗೆ ಆಗಾಗ ಬಂದು ಹೋಗಬಹುದು, ಕಿವಿಯ ನರ ಪೂರ್ತಿ ಮೊದಲಿನಂತಾಗಿಲ್ಲ, ಮೆದುಳು ಸುತ್ತುದಾರಿ ಕಲಿತಿದೆ, ಮೈ ದಣಿದಾಗ ಅದನ್ನು ಮರೆಯುತ್ತದೆ ಎಂದರು. ಅಭ್ಯಾಸ ಬಿಡಬೇಡಿ ಎಂದೂ ಹೇಳಿದರು. ಗುಣವಾಯಿತು ಎಂದು ಚಿಕ್ಕಪ್ಪ ಇವತ್ತಿಗೂ ಹೇಳುವುದಿಲ್ಲ. ಬಂದರೆ ಏನು ಮಾಡಬೇಕು ಅನ್ನುವುದು ಗೊತ್ತಿದೆ ಎನ್ನುತ್ತಾರೆ.

ಅದಾದ ಮೇಲೆ ಒಂದು ದಿನ ಕುಳ್ಳನ ಕೆಲಸದ ಮನೆಗೆ ಹೋಗಿ, ಏಣಿ ಹಿಡಿದುಕೊಳ್ಳಲು ಹೇಳಿ, ಮೆಲ್ಲಗೆ ತುದಿಯವರೆಗೆ ಹತ್ತಿದರು. ಒಂದು ಮೂಲೆ ಪೂರ್ತಿ ಬಳಿದರು. ಇಳಿದು ಬಂದಾಗ ಕುಳ್ಳ ಏಣಿಯನ್ನು ಇನ್ನೂ ಹಿಡಿದುಕೊಂಡೇ ಇದ್ದ.

"ಆಗುತ್ತೆ," ಎಂದರು ಚಿಕ್ಕಪ್ಪ. "ಆದ್ರೆ ಇನ್ಮೇಲೆ ಬೇಡ. ಮೇಲಿಂದು ನೀನೇ ಇಟ್ಕೋ."

ಅವರಿಗೆ ಅದರಿಂದ ದುಃಖವಾದಂತೆ ಕಾಣಲಿಲ್ಲ. ಬಾಗಿಲು, ಕಿಟಕಿ, ಗೋಡೆಗಳ ಕೆಲಸ ಉಳಿಸಿಕೊಂಡರು. ಬಣ್ಣ ಬೆರೆಸುವುದರಲ್ಲಿ ಹೊಸ ಹುಚ್ಚು ಹಿಡಿಯಿತು. ಮಧ್ಯಾಹ್ನಗಳು ಮಾತ್ರ ಭವನಕ್ಕೆ ಮೀಸಲು. ಆಮೆ ಟೀಚರ್ ತಂಗಿಯ ಜೊತೆ ಇರಲು ಬೇರೆ ಊರಿಗೆ ಹೊರಟಾಗ, ಮುಂದೆ ನಿಲ್ಲುವುದಕ್ಕೆ ಯಾರೂ ಸಿಗಲಿಲ್ಲ. ಎಲ್ಲರೂ ಚಿಕ್ಕಪ್ಪನನ್ನು ನೋಡಿದರು. ನಾನು ಟೀಚರ್ ಗೀಚರ್ ಅಲ್ಲ ಎಂದು ಅವರು ಹಟ ಹಿಡಿದರು. ಕೊನೆಗೆ, ಎಲ್ಲರಿಗೂ ಬೆನ್ನು ಮಾಡಿ ಮುಂದೆ ನಿಲ್ಲುತ್ತೇನೆ, ಬೇಕಾದವರು ನೋಡಿಕೊಂಡು ಮಾಡಲಿ ಎಂಬ ಒಪ್ಪಂದವಾಯಿತು.

ಕಳೆದ ಚಳಿಗಾಲದಲ್ಲಿ ಭವನದ ಛಾವಣಿ ಸೋರುತ್ತದೆಂದು ರಿಪೇರಿಗೆ ಬಿಟ್ಟಿದ್ದರು. ತರಗತಿ ಕೆಲವು ದಿನ ಉದ್ಯಾನಕ್ಕೆ ಹೋಯಿತು, ಅದೂ ಬೆಳಗಿನ ಹೊತ್ತು. ಒಮ್ಮೆ ನಾನೂ ಹೋದೆ. ಹುಲ್ಲಿನ ಮೇಲೆ ಮಂಜು ಮೊಣಕಾಲಿನವರೆಗೆ ನಿಂತಿತ್ತು. ಅಜ್ಜಿಯರು ಅದರಲ್ಲಿ ಅರ್ಧ ಮುಳುಗಿ ಸಾಲಾಗಿ ನಿಂತಿದ್ದರು. ಮುಂದೆ ಚಿಕ್ಕಪ್ಪನ ಬೆನ್ನು, ಬಣ್ಣದ ಕಲೆಗಳ ಹಳೆಯ ಅಂಗಿ. ಅವರ ಕೈ ಏಳಲು ಶುರುವಾದದ್ದು ನನಗೆ ಗೊತ್ತೇ ಆಗಲಿಲ್ಲ. ನೋಡುವಷ್ಟರಲ್ಲಿ ನನ್ನ ಕೈಯೂ ಎದ್ದಿತ್ತು. ಬೀದಿನಾಯಿಯೊಂದು ಬಂದು ನಮ್ಮ ನಡುವೆ ಮಲಗಿತು. ಎಲ್ಲೋ ನೀರಿನ ಪಂಪು ಶುರುವಾಯಿತು, ನಿಂತಿತು. ಮನೆಯಲ್ಲಿ ಬಿಟ್ಟು ಬಂದ ಕೆಲಸಗಳು ಒಂದೊಂದಾಗಿ ನೆನಪಾಗಿ, ಮಂಜಿನ ಜೊತೆ ತೆಳ್ಳಗಾಗುತ್ತ ಹೋದವು. ಕಾಲು ಭಾರವಾಗಿತ್ತು, ತಲೆ ಹಗುರವಾಗಿತ್ತು, ನಾನು ಎಚ್ಚರವಿದ್ದೆನೋ ಇಲ್ಲವೋ ಹೇಳಲಾರೆ.

ಕೊನೆಯ ಪಟ್ಟು ಮುಗಿದು ಎಲ್ಲರ ಕೈ ಕೆಳಗಿಳಿಯಿತು. ಯಾರೂ ಕದಲಲಿಲ್ಲ. ಆವತ್ತು ತಾವೂ ಬರುವುದಾಗಿ ಹೇಳಿದ್ದ ಚಿಕ್ಕಮ್ಮ ಆಗ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಅವಸರವಾಗಿ ಬಂದು ಚಿಕ್ಕಪ್ಪನ ಪಕ್ಕ ನಿಂತರು. ಯಾರದ್ದೋ ಬಟ್ಟೆ ಕೊಡುವುದಿತ್ತು, ತಡವಾಯಿತು ಎಂದು ಮೆಲ್ಲಗೆ ಹೇಳಿದರು.

"ಮುಗೀತಾ?"

"ಗೊತ್ತಿಲ್ಲ. ನಿಂತ್ಕೋ."

ಚಿಕ್ಕಮ್ಮ ಚಪ್ಪಲಿ ಬಿಟ್ಟು ಒದ್ದೆ ಹುಲ್ಲಿನ ಮೇಲೆ ನಿಂತರು. ಮರಗಳ ಮೇಲಿಂದ ಬಿಸಿಲು ಇಳಿದು ಬಂದು ಮೊದಲು ಅವರಿಬ್ಬರ ತಲೆಗೆ, ಆಮೇಲೆ ಭುಜಕ್ಕೆ ತಾಗಿತು.